ಮೂರನೇ ರೇಡ್‌ಗೆ ಕಳಿಸಿದ್ದು ಯಾರು

ನನ್ನ ತಮ್ಮ ಕಬಡ್ಡಿ ಲೀಗಿಗೆ ಆಯ್ಕೆಯಾದ ಎಂದು ನಿಟ್ಟೂರು ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿದಾಗ ಅವನು ಇನ್ನೂ ಆಯ್ಕೆಯಾಗಿರಲಿಲ್ಲ. ಹರಾಜಿಗೆ ನಿಲ್ಲುವ ಆಟಗಾರರ ಪಟ್ಟಿಯಲ್ಲಿ ಹೆಸರು ಬಂದಿತ್ತು, ಅಷ್ಟೆ. ದೇಶದ ಎಲ್ಲ ಕಡೆಯ ಆಟಗಾರರ ಹೆಸರೂ ಆ ಪಟ್ಟಿಗೆ ಬರುತ್ತದೆ. ಹೆಚ್ಚಿನವರನ್ನು ಯಾವ ತಂಡವೂ ಕೊಳ್ಳುವುದಿಲ್ಲ.

ಫ್ಲೆಕ್ಸಿನ ಮೇಲ್ಭಾಗದಲ್ಲಿ ಕೈ ಮುಗಿದು ನಿಂತ ಸ್ಥಳೀಯ ಮುಖಂಡರೊಬ್ಬರಿದ್ದರು. ಅವರ ಮುಖ ನನ್ನ ತಮ್ಮನ ಇಡೀ ಮೈಗಿಂತ ದೊಡ್ಡದಾಗಿತ್ತು. ಅವನು ಕಾಲೇಜು ಜೆರ್ಸಿಯಲ್ಲಿ ಒಂದು ಕಾಲು ಚಾಚಿ ರೇಡ್ ಮಾಡುತ್ತಿದ್ದ. ಚಾಚಿದ ಕಾಲಿನ ಪಾದವನ್ನು ಗುಬ್ಬಿಯ ಡಿಸೈನ್ ಅಂಗಡಿಯವನು ಜಾಗ ಸಾಲದೆ ಕತ್ತರಿಸಿದ್ದ. ಕೆಳಗೆ ಸಾಲಾಗಿ, ಕೂಲಿಂಗ್ ಗ್ಲಾಸ್ ಹಾಕಿದ ಊರಿನ ಯುವಕರ ಪುಟ್ಟ ಫೋಟೊಗಳು.

ಕಟ್ಟಿಸಿದವರಲ್ಲಿ ಮುಂದಾಳು, ಮುಖಂಡರ ಹಿಂದೆ ಓಡಾಡುವ ಒಬ್ಬ ಯುವಕ. ನಮ್ಮ ಮನೆಗೂ ಬಳಕೆ ಇದ್ದವನು. ಅವನನ್ನು ಕರೆದು ಹೇಳಿದೆ.

"ಆಯ್ಕೆ ಆಗಿಲ್ಲ ಕಣಪ್ಪ. ಪಟ್ಟೀಲಿ ಹೆಸ್ರು ಬಂದೈತೆ ಅಷ್ಟೆ."

"ಅಯ್ಯೋ ಬುಡಕ್ಕ. ಪಟ್ಟೀಗೆ ಬಂದೋನು ಟೀಮ್‌ಗೆ ಬರಲ್ವಾ? ಆಯ್ಕೆ ಆದ್ಮೇಲೆ ಹಾಕಣ ಅಂತ ಕುಂತ್ರೆ ಆ ಕಡೆಯೋರು ಮೊದ್ಲೇ ಹಾಕ್ಬುಡ್ತಾರೆ."

ಆ ಕಡೆಯವರು ಎಂದರೆ ಎದುರು ಪಾರ್ಟಿಯ ಯುವಕರು. ಸಾವಿಗೆ, ಹುಟ್ಟುಹಬ್ಬಕ್ಕೆ, ಪಿಯುಸಿ ಫಲಿತಾಂಶಕ್ಕೆ, ಎಲ್ಲಕ್ಕೂ ಮೊದಲು ಫ್ಲೆಕ್ಸ್ ಕಟ್ಟುವವರು ಯಾರು ಎಂಬುದೇ ನಮ್ಮಲ್ಲಿ ಒಂದು ಪಂದ್ಯ. ಅದರಲ್ಲಿ ನನ್ನ ತಮ್ಮ ಅವನಿಗೆ ಗೊತ್ತಿಲ್ಲದೆಯೇ ಅಂಕವಾಗಿದ್ದ.

ನಾನು ತುಮಕೂರಿನ ಒಂದು ದಿನಪತ್ರಿಕೆಯಲ್ಲಿ ಡೆಸ್ಕ್ ಕೆಲಸ ಮಾಡುತ್ತೇನೆ. ತಾಲ್ಲೂಕುಗಳಿಂದ ಬಂದ ಸುದ್ದಿ ತಿದ್ದುವುದು, ತಲೆಬರಹ ಕೊಡುವುದು, ಆಳು ಕಡಿಮೆ ಇದ್ದಾಗ ವರದಿಗೆ ಹೋಗುವುದು. ಅದೇ ಸಂಜೆ ಗುಬ್ಬಿಯಿಂದ ಬಂದ ಸುದ್ದಿಯಲ್ಲೂ "ಲೀಗ್‌ಗೆ ಆಯ್ಕೆ" ಎಂದೇ ಇತ್ತು. ಅದನ್ನು "ಹರಾಜು ಪಟ್ಟಿಯಲ್ಲಿ ನಿಟ್ಟೂರಿನ ಆಟಗಾರ" ಎಂದು ತಿದ್ದಿದೆ. ಕ್ರೀಡಾಪುಟದ ಹಿರಿಯರು ಕನ್ನಡಕದ ಮೇಲಿಂದ ನೋಡಿದರು.

"ಸ್ವಂತ ತಮ್ಮಂಗೇ ಹಿಂಗ್ ಮಾಡ್ತೀಯಲ್ಲಮ್ಮ, ನಮ್ ಗತಿ ಏನು?"

"ಆದ್ಮೇಲೆ ಆಯ್ಕೆ ಅಂತ ಹಾಕೋಣ ಸರ್," ಅಂದೆ.

ತಮ್ಮ ಆಡಲು ಶುರು ಮಾಡಿದ್ದು ನಿಟ್ಟೂರಿನ ಶಾಲೆಯ ಮಣ್ಣಿನ ಅಂಕಣದಲ್ಲಿ. ಆಮೇಲೆ ತುಮಕೂರಿನ ಕಾಲೇಜು, ವಿಶ್ವವಿದ್ಯಾಲಯದ ತಂಡ, ಸಿ.ಎಸ್. ಪುರದಿಂದ ಕೋರದವರೆಗೆ ಎಲ್ಲೆಲ್ಲಿ ಟೂರ್ನಮೆಂಟ್ ಇದ್ದರೆ ಅಲ್ಲೆಲ್ಲ. ಅಪ್ಪನದು ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಟೂ ವೀಲರ್ ಗ್ಯಾರೇಜು. ಆಟವಿಲ್ಲದ ದಿನ ತಮ್ಮನೂ ಅಲ್ಲೇ ಸ್ಪ್ಯಾನರ್ ಹಿಡಿಯುತ್ತಿದ್ದ. ಪಂದ್ಯಕ್ಕೆ ಇಳಿಯುವ ಮುಂಚೆ ರೆಫರಿ ಉಗುರು ನೋಡುತ್ತಾರೆ, ಕೊರಳು ನೋಡುತ್ತಾರೆ. ಮೈಮೇಲೆ ಚುಚ್ಚುವಂಥದ್ದು ಏನೂ ಇರಬಾರದು. ಆದ್ದರಿಂದ ಅವನು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ತೆಗೆಯಲೇಬೇಕಿತ್ತು. ಅದನ್ನು ಬ್ಯಾಗಿನಲ್ಲಿ, ಶೂ ಜೊತೆ ಇಡುವುದಕ್ಕೆ ಅಮ್ಮ ಒಪ್ಪುತ್ತಿರಲಿಲ್ಲ. ಮನೆಯವರೇ ಯಾರಾದರೂ ಕೈಯಲ್ಲಿ ಹಿಡಿದು ಕೂರಬೇಕು. ಹೀಗಾಗಿ ಅವನ ಬಹುಪಾಲು ಪಂದ್ಯಗಳನ್ನು ಅಮ್ಮನೋ ನಾನೋ ಮುಚ್ಚಿದ ಮುಷ್ಟಿಯೊಂದಿಗೆ ನೋಡಿದ್ದೇವೆ. ಚಪ್ಪಾಳೆ ತಟ್ಟಲು ಆಗುತ್ತಿರಲಿಲ್ಲ.

ಹರಾಜಿನ ದಿನ ಗ್ಯಾರೇಜಿಗೆ ಟಿ.ವಿ. ಬಂತು. ಶಾಮಿಯಾನದ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಮುಖಂಡರೂ ಬಂದು ಮೊದಲ ಸಾಲಿನಲ್ಲಿ ಕೂತರು. ಅವರ ಜೊತೆ ಸೇವಂತಿಗೆಯ ಹಾರ ಕವರಿನಲ್ಲಿ ಬಂದಿತ್ತು. ದೊಡ್ಡ ಹೆಸರಿನ ಆಟಗಾರರು ಮುಗಿದು ಕೊನೆಯ ದರ್ಜೆಯವರ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಆ ದರ್ಜೆಯಲ್ಲಿ ಎಲ್ಲರ ಹೆಸರನ್ನೂ ಓದುವುದಿಲ್ಲ, ತಂಡಗಳು ಕೇಳಿದವರದನ್ನು ಮಾತ್ರ ಕೂಗುತ್ತಾರೆ. ಇದು ನನಗೆ ಗೊತ್ತಿತ್ತು, ತಮ್ಮನಿಗೆ ಗೊತ್ತಿತ್ತು. ಗ್ಯಾರೇಜಿನಲ್ಲಿ ಉಳಿದವರಿಗೆ ಗೊತ್ತಿರಲಿಲ್ಲ. ಒಂದೊಂದು ಹೆಸರಿಗೂ ಅವರು "ಈಗ ಬರ್ತಾನೆ, ಈಗ ಬರ್ತಾನೆ" ಎನ್ನುತ್ತಿದ್ದರು. ಹರಾಜು ಕೂಗುವವನು ಎಲ್ಲರಿಗೂ ಧನ್ಯವಾದ ಹೇಳಿದ. ಜಾಹೀರಾತು ಬಂತು.

"ಅಂದ್ರೆ ಏನ್ಲಾ ಆಯ್ತು?" ಎಂದು ಅಮ್ಮ ಬಾಗಿಲಿನಿಂದ ಕೇಳಿದಳು.

ಮುಖಂಡರು ಎದ್ದು ತಮ್ಮನ ಭುಜ ತಟ್ಟಿ ಹೊರಟರು. ಹಾರವನ್ನೂ ಒಯ್ದರು, ಸಂಜೆ ಅವರಿಗೆ ಗುಬ್ಬಿಯಲ್ಲಿ ಇನ್ನೊಂದು ಸನ್ಮಾನವಿತ್ತು. ಅಪ್ಪ ಟಿ.ವಿ. ಆರಿಸಿ, ಬೆಳಿಗ್ಗೆ ಬಿಚ್ಚಿಟ್ಟಿದ್ದ ಸ್ಕೂಟರಿನ ಮುಂದೆ ಕೂತರು.

"ಕೂಗಿ, ಬೇಡ ಅಂದಿದ್ರೆ ಅದು ಬೇರೆ ಕಣಕ್ಕ," ತಮ್ಮ ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತ ಹೇಳಿದ. "ಕೂಗ್ಲೇ ಇಲ್ಲ. ಒಂದ್ಸಲ ನನ್ ಹೆಸ್ರು ಕೂಗ್ಬೇಕು, ಯಾರಾದ್ರೂ ಒಬ್ರು ಕೈ ಎತ್ಬೇಕು. ಅಷ್ಟೇ ನಂಗ್ ಬೇಕಾಗಿರೋದು."

ಅಂದಿನಿಂದ ಅವನ ಆಟದಲ್ಲಿ ಬೇರೆ ಗುರಿ ಇರಲಿಲ್ಲ. ಮುಂದಿನ ಹರಾಜಿನಲ್ಲಿ ಹೆಸರು, ಒಂದು ಕೈ.

ಫ್ಲೆಕ್ಸ್ ಮಾತ್ರ ಇಳಿಯಲಿಲ್ಲ. ಅಪ್ಪ ತೆಗೆಸಲು ಹೋದರು. "ಅಣ್ಣೋರ ಫೋಟೊ ಐತಲ್ಲ ಯಜಮಾನ್ರೇ, ಹೆಂಗ್ ಬಿಚ್ಚದು?" ಎಂದು ಆ ಯುವಕ ಕೈ ಅಲ್ಲಾಡಿಸಿಬಿಟ್ಟ. ತಮ್ಮ ಸರ್ಕಲ್ ಬಿಟ್ಟು ರೈಲ್ವೆ ಗೇಟಿನ ಕಡೆಯಿಂದ ಸುತ್ತು ಹೊಡೆದು ಮನೆಗೆ ಬರುವುದನ್ನು ರೂಢಿ ಮಾಡಿಕೊಂಡ. ಗ್ಯಾರೇಜಿಗೆ ಬಂದ ಹೊರಗಿನವರು "ಓ, ಫ್ಲೆಕ್ಸಲ್ಲಿರೋನು ನೀನೇನಾ?" ಎಂದು ಕೈ ಕುಲುಕುತ್ತಿದ್ದರು. ಅವನು ಗ್ರೀಸ್ ಮೆತ್ತಿದ ಕೈ ತೋರಿಸಿ ತಪ್ಪಿಸಿಕೊಳ್ಳುತ್ತಿದ್ದ.

ಕೆಲವು ವಾರಗಳ ಮೇಲೆ ಫೋನ್ ಬಂತು. ಒಂದು ತಂಡದ ಕೋಚ್, ಕನ್ನಡದವರೇ. ವಿಶ್ವವಿದ್ಯಾಲಯದ ಪಂದ್ಯದಲ್ಲಿ ಇವನನ್ನು ನೋಡಿದ್ದರಂತೆ. "ಒಬ್ಬನ ಮಂಡಿ ಹೋಗಿದೆ. ಕ್ಯಾಂಪಿಗೆ ಬಾರಪ್ಪ, ನೋಡೋಣ," ಎಂದರು. ಆ "ನೋಡೋಣ" ಬಿಟ್ಟರೆ ಬೇರೆ ಒಪ್ಪಂದ ಇರಲಿಲ್ಲ. ಅವನು ಮರುದಿನವೇ ಹೊರಟ.

"ಅಲ್ಲಿ ಕರಡಿಗೆ ಯಾರ್ ಕೈಲಿ ಕೊಡ್ತೀಯಾ?" ಎಂದು ಅಮ್ಮ ಕೇಳಿದಳು.

ಅವನು ಯೋಚಿಸಿ ಅದನ್ನು ಕಳಚಿ ಅವಳ ಕೈಯಲ್ಲೇ ಇಟ್ಟ. ಅವಳು ದೇವರ ಮನೆಯಲ್ಲಿಟ್ಟಳು. ಅವನು ಬರಿಗೊರಳಲ್ಲಿ ಹೋಗಿದ್ದಕ್ಕೆ ಅವಳು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಕ್ಯಾಂಪಿನಲ್ಲಿ ಅವನ ಕೆಲಸ ಹಿಡಿಸಿಕೊಳ್ಳುವುದು. ಮುಂದಿನ ಪಂದ್ಯದ ಎದುರಾಳಿ ಯಾರೋ, ಅವರ ದೊಡ್ಡ ರೇಡರ್ ಹೇಗೆ ಆಡುತ್ತಾನೋ ಹಾಗೆ ಆಡಿ ತೋರಿಸಬೇಕು. ತಂಡದ ಡಿಫೆಂಡರುಗಳು ಅವನನ್ನು ಕೆಡವಿ ಕಲಿಯಬೇಕು. ಒಂದು ದಿನ ಬಲಗಾಲಿನಿಂದ ಒದೆಯುವವನು, ಇನ್ನೊಂದು ದಿನ ತಲೆ ಮೇಲೆ ಹಾರುವವನು. ರಾತ್ರಿ ವಿಡಿಯೊ ನೋಡಿ ಅವರ ನಡಿಗೆ ಕಲಿಯುತ್ತಿದ್ದ.

"ಇವತ್ತು ಯಾರಾಗಿದ್ದೀಯಪ್ಪಾ?" ಎಂದು ನಾನು ಫೋನಿನಲ್ಲಿ ತಮಾಷೆ ಮಾಡುತ್ತಿದ್ದೆ.

ಮೊದಮೊದಲು ನಗುತ್ತಿದ್ದ. ಒಮ್ಮೆ ಹೇಳಿದ: "ನನ್ ಥರ ಆಡೋದು ಹೆಂಗೆ ಅಂತ್ಲೇ ಮರ್ತೋಗ್ತಾ ಐತೆ ಕಣಕ್ಕ."

ಲೀಗ್ ಅರ್ಧಕ್ಕೆ ಬಂದಾಗ ಇನ್ನೊಬ್ಬ ರೇಡರ್ ಗಾಯಗೊಂಡ. ತಮ್ಮನಿಗೆ ಜೆರ್ಸಿ ಸಿಕ್ಕಿತು. ನಾನು "ಬದಲಿ ಆಟಗಾರನಾಗಿ ಸೇರ್ಪಡೆ" ಎಂದು ಒಂದು ಕಾಲಂ ಸುದ್ದಿ ಮಾಡಿದೆ. ನಿಟ್ಟೂರಿನಿಂದ ಫ್ಲೆಕ್ಸಿನ ಯುವಕ ಫೋನ್ ಮಾಡಿದ.

"ನಾನ್ ಏನಂದಿದ್ದೆ ಅಕ್ಕ? ನಮ್ ಫ್ಲೆಕ್ಸು ಸುಳ್ಳೇಳಲ್ಲ!"

ಕಬಡ್ಡಿ ಗೊತ್ತಿಲ್ಲದವರಿಗೆ ಒಂದು ನಿಯಮ ಹೇಳಬೇಕು. ಒಂದು ತಂಡ ಸತತ ಎರಡು ರೇಡ್‌ಗಳಲ್ಲಿ ಅಂಕವಿಲ್ಲದೆ ಬರಿಗೈಲಿ ವಾಪಸಾದರೆ, ಮೂರನೆಯದರಲ್ಲಿ ಅಂಕ ತರಲೇಬೇಕು. ತರದಿದ್ದರೆ ಆ ರೇಡರ್ ಔಟ್. ಇದಕ್ಕೆ ಡೂ ಆರ್ ಡೈ ರೇಡ್ ಎನ್ನುತ್ತಾರೆ. ಎದುರಾಳಿಗಳಿಗೂ ಇದು ಗೊತ್ತಿರುವುದರಿಂದ ಹಿಡಿಯಲೆಂದೇ ಕಾದು ನಿಂತಿರುತ್ತಾರೆ. ತಂಡದ ದೊಡ್ಡ ರೇಡರ್ ಇದಕ್ಕೆ ಹೋಗಿ ಔಟಾದರೆ ಹೊರಗೆ ಕೂರಬೇಕು, ಅಷ್ಟು ಹೊತ್ತು ತಂಡಕ್ಕೆ ನಷ್ಟ. ಆದ್ದರಿಂದ ಅನೇಕ ತಂಡಗಳು ಆ ಮೂರನೇ ರೇಡ್‌ಗೆ, ಹೋದರೂ ಪರವಾಗಿಲ್ಲ ಎನಿಸುವವನನ್ನು ಕಳಿಸುತ್ತವೆ. ಮೊದಲ ಎರಡು ರೇಡ್‌ಗಳಲ್ಲಿ ದೊಡ್ಡವನು ಎದುರಿನವರ ಅಂಕಣದ ಗೆರೆ ಮುಟ್ಟಿ, ಸಮಯ ಕಳೆದು, ಕ್ಷೇಮವಾಗಿ ವಾಪಸಾಗುತ್ತಾನೆ. ಮೂರನೆಯದಕ್ಕೆ ಬೇರೊಬ್ಬ.

ನಮ್ಮ ಕಚೇರಿಯ ಟಿ.ವಿ.ಗೆ ಧ್ವನಿ ಇರುವುದಿಲ್ಲ. ಪುಟ ಕಟ್ಟುವ ಗಡಿಬಿಡಿಯ ನಡುವೆ ತಲೆ ಎತ್ತಿದಾಗಲೆಲ್ಲ ತಮ್ಮ ಕಂಡರೆ ಅದು ಮೂರನೇ ರೇಡ್ ಎಂದು ನನಗೆ ಗೊತ್ತಾಗತೊಡಗಿತು. ಅದು ಬಿಟ್ಟರೆ ಅವನು ಮೂಲೆಯಲ್ಲಿ ಪಕ್ಕದವನ ಕೈ ಹಿಡಿದು ನಿಂತಿರುತ್ತಿದ್ದ. ಹೋಗುತ್ತಿದ್ದ, ಕೆಡವುತ್ತಿದ್ದರು, ಎದ್ದು ಜೆರ್ಸಿ ಕೆಳಗೆ ಎಳೆದುಕೊಂಡು ಹೊರಗೆ ನಡೆಯುತ್ತಿದ್ದ. ಕೋಚ್ ಅವನ ಬೆನ್ನು ತಟ್ಟುತ್ತಿದ್ದರು. ಅವರ ತುಟಿಯಾಡುವುದು ಮಾತ್ರ ಕಾಣುತ್ತಿತ್ತು.

"ಹೋದ ನೋಡಮ್ಮ ನಿನ್ ತಮ್ಮ, ಬಲಿ ಕುರಿ," ಹಿರಿಯರು ಒಮ್ಮೆ ಅಂದರು. ನನ್ನ ಮುಖ ನೋಡಿ, "ಅಲ್ಲ, ಕುರಿಗಾದ್ರೂ ಒಂದೇ ಸಲ," ಎಂದು ಸಮಾಧಾನದ ದನಿಯಲ್ಲಿ ಸೇರಿಸಿದರು.

ಆ ವಾರ ಫೋನಿನಲ್ಲಿ ಕೇಳಿದೆ. "ಯಾವಾಗ್ಲೂ ನೀನೇ ಯಾಕೋ ಹೋಗೋದು?"

"ಕೋಚ್ ಕಳಿಸ್ತಾರೆ, ಹೋಗ್ತೀನಿ."

"ಬರಲ್ಲ ಅನ್ನು."

"ಬರಲ್ಲ ಅಂದ್ರೆ ನಿಟ್ಟೂರಿಗೆ ಬರ್ತೀನಿ ಅಷ್ಟೆ." ಆಮೇಲೆ ಹೇಳಿದ: "ಕೋಚ್ ಮಾತು ಕೊಟ್ಟವ್ರೆ ಅಕ್ಕ. 'ನೀನು ಟೀಮ್‌ಗೋಸ್ಕರ ಮಾಡ್ತಿರೋದು ನಂಗೆ ಗೊತ್ತು, ಮುಂದಿನ ಹರಾಜಲ್ಲಿ ನಿನ್ ಹೆಸ್ರು ನಾನೇ ಕೂಗಿಸ್ತೀನಿ' ಅಂದವ್ರೆ."

"ಔಟಾಗಿ ಬಂದಾಗ ಏನಂತಾರೆ ನಿಂಗೆ? ನಮ್ ಟಿ.ವಿ.ಲಿ ಕೇಳಲ್ಲ."

"'ಪರವಾಗಿಲ್ಲ ಬಾ' ಅಂತಾರೆ."

ಲೀಗ್ ಮುಗಿಯಿತು. ಆಟಗಾರರ ಅಂಕಿಅಂಶಗಳನ್ನು ಆ್ಯಪ್‌ನಲ್ಲಿ ಹಾಕಿದ್ದರು. ಎಷ್ಟು ರೇಡ್, ಎಷ್ಟು ಅಂಕ, ಎಷ್ಟು ಸಲ ಔಟ್, ಡೂ ಆರ್ ಡೈನಲ್ಲಿ ಎಷ್ಟು ಯಶಸ್ಸು. ನನ್ನ ತಮ್ಮನ ಸಾಲು ನೋಡಿದೆ. ಒಂದೂ ತಪ್ಪಿರಲಿಲ್ಲ. ವೃತ್ತಿಯಿಂದಾಗಿ ನಾನು ಅಂಕಿ ನಂಬುವವಳು; ಪರಿಶೀಲಿಸಿದೆ, ಎಲ್ಲ ಸರಿಯಾಗಿತ್ತು. ಕಳಿಸಿದ್ದು ಯಾರು ಎಂಬುದಕ್ಕೆ ಕಾಲಂ ಇರಲಿಲ್ಲ. ಆ ಸಾಲನ್ನು ಓದಿದ ಯಾರಿಗಾದರೂ ಅಲ್ಲಿ ಕಾಣುವುದು ಪದೇ ಪದೇ ಹೋಗಿ ಪದೇ ಪದೇ ಸೋತ ಒಬ್ಬ ದಡ್ಡ.

ಎರಡನೇ ಹರಾಜಿಗೆ ಗ್ಯಾರೇಜಿಗೆ ಟಿ.ವಿ. ಬರಲಿಲ್ಲ. ಅಪ್ಪ, ಅಮ್ಮ, ನಾನು, ತಮ್ಮ ನಾಲ್ವರೂ ಅವನ ಫೋನನ್ನು ಒಂದು ಬೈಕಿನ ಸೀಟಿಗೆ ಒರಗಿಸಿ ನೋಡಿದೆವು. ಮಧ್ಯಾಹ್ನ ಅವನ ಹೆಸರು ಕೂಗಿದರು. ಕೋಚ್ ಮಾತು ಉಳಿಸಿಕೊಂಡಿದ್ದರು. ಪರದೆಯ ಮೇಲೆ ಅವನ ಫೋಟೊ, ಊರು, ಅಂಕಿಅಂಶ ಬಂದವು. ಅಮ್ಮ "ನಿಟ್ಟೂರು ಅಂತ ಬರ್ದವ್ರೆ" ಎಂದಳು. ಸ್ಟುಡಿಯೊದಲ್ಲಿದ್ದ ಪರಿಣತರು, ಇವರು ಒಳ್ಳೆಯ ಶ್ರಮಜೀವಿ, ಆದರೆ ಒತ್ತಡದ ರೇಡ್‌ಗಳಲ್ಲಿ ಕೈಕೊಡುತ್ತಾರೆ ಎಂದರು. ಕ್ಯಾಮೆರಾ ಕೋಚ್ ಕೂತ ಮೇಜಿನತ್ತ ತಿರುಗಿತು. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದಿದ್ದವನು ಏನೋ ತೋರಿಸಿದ. ಕೋಚ್ ಅದನ್ನು ನೋಡಿದರು. ಅವರ ಕೈ ಮೇಜಿನ ಮೇಲೆಯೇ, ನೀರಿನ ಬಾಟಲಿಯ ಪಕ್ಕದಲ್ಲಿ ಇತ್ತು. ಸುತ್ತಿಗೆ ಬಿತ್ತು. ಅನ್‌ಸೋಲ್ಡ್.

ಸಂಜೆ ತಮ್ಮ ಕೋಚ್‌ಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ, ನಾನು ಕೇಳಿಸಿಕೊಂಡೆ.

"ಬೇಜಾರ್ ಮಾಡ್ಕೋಬೇಡಪ್ಪ. ಮ್ಯಾನೇಜ್‌ಮೆಂಟ್‌ನೋರು ಅಂಕಿಅಂಶ ನೋಡ್ತಾರೆ. ನನ್ ಕೈಲಿ ಏನಿದೆ?"

"ನೀವ್ ಕಳಿಸಿದ್ರಿ ಅಂತ ಹೇಳ್ಬೋದಿತ್ತು ಸರ್."

"ಇನ್ಯಾರ್ನ ಕಳಿಸ್ಬೇಕಿತ್ತು ಹೇಳು? ಮೇನ್ ರೇಡರ್ ಹೋಗಿ ಔಟಾಗಿದ್ರೆ ಮ್ಯಾಚೇ ಹೋಗ್ತಿತ್ತು."

ಅದು ನಿಜ. ತಮ್ಮ "ಸರಿ ಸರ್" ಎಂದು ಫೋನ್ ಇಟ್ಟ.

ಅವನು ಗ್ಯಾರೇಜಿಗೆ ಮರಳಿದ. ಆ ವರ್ಷವೇ ಮುಖಂಡರಿಗೆ ಪಾರ್ಟಿ ಟಿಕೆಟ್ ತಪ್ಪಿ, ಅವರ ಫೋಟೊಗೆ ಸರ್ಕಲ್‌ನಲ್ಲಿ ಬೆಲೆ ಹೋಯಿತು. ಫ್ಲೆಕ್ಸ್ ತಾನಾಗಿ ಇಳಿಯಿತು. ಅಪ್ಪ ಅದನ್ನು ತಂದು, ಮುದ್ರಿಸಿದ ಮುಖ ಒಳಗೆ ಮಾಡಿ, ರಿಪೇರಿಗೆ ಬಂದ ಬೈಕುಗಳ ಮೇಲೆ ಮಳೆಗೆ ಹೊದಿಸುತ್ತಾರೆ. ಗಟ್ಟಿ ಮಾಲು, ಇನ್ನೂ ಹರಿದಿಲ್ಲ.

ಊರೂರಿನ ಟೂರ್ನಮೆಂಟುಗಳಲ್ಲಿ ಮಾತ್ರ ಅವನಿಗೆ ಬೇಡಿಕೆ ಹೆಚ್ಚಿತು. ಹೊರಗಿನಿಂದ ಬಂದು ಒಂದು ದಿನದ ಮಟ್ಟಿಗೆ ಯಾವುದಾದರೂ ಊರಿನ ತಂಡಕ್ಕೆ ಆಡುವವರಿಗೆ ಗೆಸ್ಟ್ ಪ್ಲೇಯರ್ ಎನ್ನುತ್ತಾರೆ. ಕುಣಿಗಲ್‌ನ ಒಂದು ತಂಡ ಅವನನ್ನು ಹಾಗೆ ಕರೆಸಿಕೊಂಡು ನಾಯಕನನ್ನಾಗಿಯೂ ಮಾಡಿತು. ಅಂದು ಭಾನುವಾರ. ನಮ್ಮ ಕುಣಿಗಲ್ ವರದಿಗಾರರು ರಜೆಯಲ್ಲಿದ್ದರು. ನಾನು ವರದಿಗೂ ಹೋದಂತಾಯಿತು, ಕರಡಿಗೆ ಹಿಡಿಯಲೂ ಹೋದಂತಾಯಿತು.

ಮೈಕಿನವನು ಅವನ ಹೆಸರಿನ ಹಿಂದೆ ಲೀಗಿನ ಹೆಸರನ್ನು ಸೇರಿಸಿ ಸೇರಿಸಿ ಕೂಗುತ್ತಿದ್ದ. ಅನ್‌ಸೋಲ್ಡ್ ಆದವನು ಎಂದು ಅಲ್ಲಿ ಯಾರಿಗೂ ನೆನಪಿರಲಿಲ್ಲ, ಅಥವಾ ಅದು ಲೆಕ್ಕಕ್ಕಿರಲಿಲ್ಲ. ತಂಡದಲ್ಲಿ ಒಬ್ಬ ತೆಳ್ಳನೆಯವನಿದ್ದ. ಲಗೇಜ್ ಆಟೊ ಓಡಿಸುತ್ತಾನೆ ಎಂದರು. ಹೊಸದಾಗಿ ಮದುವೆಯಾದವನು. ಹೆಂಡತಿ ಅವಳ ತವರಿನವರ ಜೊತೆ ಶಾಲೆಯ ಜಗುಲಿಯ ಮೇಲೆ ಕೂತಿದ್ದಳು. ಪಂದ್ಯಕ್ಕೆ ಮುಂಚೆ ಅವನು ತಮ್ಮನ ಹತ್ತಿರ ಬಂದ.

"ಅಣ್ಣ, ಒಂದು ಸೆಲ್ಫಿ. ನಮ್ ಮಾವ ನಂಬಲ್ಲ, ನಿಮ್ ಜೊತೆ ಆಡ್ತೀನಿ ಅಂದ್ರೆ."

"ಬಾರ್ಲಾ, ಗೆದ್ಮೇಲೆ ಇಬ್ರೂ ಕಪ್ ಹಿಡ್ಕಂಡೇ ತೆಗ್ಸಣ," ಎಂದು ತಮ್ಮ ನಕ್ಕ. ಅವನು ಹಾಗೆ ನಗುವುದನ್ನು ನೋಡಿ ಬಹಳ ದಿನವಾಗಿತ್ತು.

ಫೈನಲ್‌ನಲ್ಲಿ ಆಟ ಸಮಸಮ ಬಂತು. ಕೊನೆಗೆ ಹತ್ತಿರವಾದಾಗ ನಮ್ಮ ಕಡೆ ಅಂಕಣದಲ್ಲಿ ಮೂವರು ಉಳಿದಿದ್ದರು: ತಮ್ಮ, ಒಬ್ಬ ಡಿಫೆಂಡರ್, ಆ ತೆಳ್ಳನೆಯವನು. ತಮ್ಮ ಎರಡು ರೇಡ್ ಹೋದ. ಎರಡರಲ್ಲೂ ಗೆರೆ ಮುಟ್ಟಿ ಬರಿಗೈಲಿ, ಕ್ಷೇಮವಾಗಿ ವಾಪಸಾದ. ಎದುರಿನವರು ಕೈ ಉಜ್ಜಿಕೊಂಡು ಕಾದು ನಿಂತರು. ಮೈಕಿನವನು "ಡೂ ಆರ್ ಡೈ" ಎಂದು ಕಿರುಚಿದ.

ತಮ್ಮ ತಿರುಗಿ ನೋಡಿದ. ಅವನು ಯೋಚಿಸಿದಂತೆ ಕಾಣಲಿಲ್ಲ. ಎರಡು ಬೆರಳಿನಿಂದ ತೆಳ್ಳನೆಯವನನ್ನು ತೋರಿಸಿದ.

ತೆಳ್ಳನೆಯವನು ಕೈಯನ್ನು ಚಡ್ಡಿಗೆ ಒರೆಸಿಕೊಂಡ. ಜಗುಲಿಯ ಕಡೆ ಒಮ್ಮೆ ನೋಡಿದ. ಹೋದ. ಕಾರ್ನರ್‌ನಲ್ಲಿದ್ದವನು ಕಣಕಾಲು ಹಿಡಿದ, ಉಳಿದವರು ಮೇಲೆ ಬಿದ್ದರು. ಎದ್ದು, ಜೆರ್ಸಿ ಕೆಳಗೆ ಎಳೆದುಕೊಂಡು ಹೊರಗೆ ನಡೆದ. ಜಗುಲಿಯಲ್ಲಿ ಹೆಂಡತಿಯ ಕಡೆಯ ವಯಸ್ಸಾದವರೊಬ್ಬರು ಪಕ್ಕದವರಿಗೆ ಏನೋ ಹೇಳಿ ನಕ್ಕರು. ಹೆಂಡತಿ ಸೆರಗು ಸರಿಮಾಡಿಕೊಂಡಳು. ತಮ್ಮ ಗೆರೆಯ ಬಳಿ ಅವನ ಬೆನ್ನು ತಟ್ಟಿದ. ಈ ಸಲ ಧ್ವನಿ ಇತ್ತು, ನನಗೆ ಕೇಳಿಸಿತು.

"ಪರವಾಗಿಲ್ಲ ಬಾ."

ಮುಂದಿನ ರೇಡ್‌ನಲ್ಲಿ ತಮ್ಮ ಒಂದೇ ಏಟಿಗೆ ಇಬ್ಬರನ್ನು ಮುಟ್ಟಿ ಬಂದ. ತಂಡ ಗೆದ್ದಿತು. ಹಾರ, ಪಟಾಕಿ, ಕಪ್ ಎಲ್ಲ ಆಯಿತು. ಅವನನ್ನು ಹೆಗಲ ಮೇಲೆ ಹೊತ್ತರು. ಆ ಗದ್ದಲದಲ್ಲಿ ಸೆಲ್ಫಿ ಯಾರಿಗೂ ನೆನಪಾಗಲಿಲ್ಲ.

ತುಮಕೂರಿಗೆ ಬೈಕಿನಲ್ಲಿ ವಾಪಸು ಬರುವಾಗ ದಾರಿಯಲ್ಲಿ ಟೀಗೆ ನಿಲ್ಲಿಸಿದ. ಕರಡಿಗೆ ಕೊರಳಿಗೆ ಹಾಕಿಕೊಂಡ.

"ಮೂರನೇ ರೇಡ್‌ಗೆ ಹೋದನಲ್ಲ, ಅವನ ಹೆಸರೇನೋ?" ಎಂದು ಕೇಳಿದೆ.

"ಯಾರು? ಆಟೊದವ್ನಾ? ಗೊತ್ತಿಲ್ಲ ಕಣಕ್ಕ. ಕೇಳ್ಲಿಲ್ಲ."

ಕಚೇರಿಗೆ ಬಂದು ಸಂಘಟಕರಿಗೆ ಫೋನ್ ಮಾಡಿ ಹೆಸರು ತೆಗೆದುಕೊಂಡೆ. ವರದಿ ಬರೆದೆ. ಗೆದ್ದ ತಂಡ, ಅಂತರ, ಉತ್ತಮ ರೇಡರ್ ಪ್ರಶಸ್ತಿ. ಆಮೇಲೆ ಒಂದು ಸಾಲು: ನಿರ್ಣಾಯಕ ಘಟ್ಟದ ಡೂ ಆರ್ ಡೈ ರೇಡ್‌ಗೆ ನಾಯಕರು ತಾವು ಹೋಗದೆ ಇಂಥವರನ್ನು ಕಳಿಸಿದರು, ಅವರು ಔಟಾದರು. ಇಬ್ಬರ ಹೆಸರೂ ಹಾಕಿದೆ. ನಮ್ಮಲ್ಲಿ ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಆದ್ದರಿಂದ ಆ ಸಾಲನ್ನು ಮೊದಲ ಪ್ಯಾರಾದಲ್ಲೇ ಇಟ್ಟೆ.

ಹಿರಿಯರು ಓದಿದರು. "ಯಾರ್ ಕಳಿಸಿದ್ರು ಅಂತ ಯಾವ ಕಬಡ್ಡಿ ವರದೀಲೂ ಬರಲ್ಲಮ್ಮ."

"ತಪ್ಪಿದೆಯಾ ಸರ್?"

"ತಪ್ಪಿಲ್ಲ." ಕನ್ನಡಕ ತೆಗೆದು ಒರೆಸಿದರು. "ನಿನ್ ತಮ್ಮ ಕಣಮ್ಮ ಅವ್ನು."

"ಹೌದು ಸರ್."

ಪುಟಕ್ಕೆ ಬಿಟ್ಟರು. ಮರುದಿನ ಬೆಳಿಗ್ಗೆಯೇ ಸಂಘಟಕರು ಫೋನ್ ಮಾಡಿ, ಔಟಾದವನ ಹೆಸರು ಹಾಕಿ ಕಪ್ ಕೊಟ್ಟ ಅತಿಥಿಗಳ ಹೆಸರು ಬಿಟ್ಟಿದ್ದೀರಿ ಎಂದು ರೇಗಿದರು.

ನಾನು ನಿಟ್ಟೂರಿಗೆ ಹೋದಾಗ ತಮ್ಮ ಗ್ಯಾರೇಜಿನಲ್ಲಿ ಒಂದು ಬೈಕಿನ ಚೈನ್ ಬಿಚ್ಚಿಕೊಂಡು ಕೂತಿದ್ದ. ಪೇಪರ್ ಪಕ್ಕದ ಸ್ಟೂಲಿನ ಮೇಲಿತ್ತು. ಓದಿದ್ದ.

"ಗೆದ್ದಿದ್ ಹಾಕಿದೀಯ, ಸರಿ. ಇದ್ಯಾಕಕ್ಕ?"

"ಕಳಿಸಿದ್ದು ಯಾರು?"

"ನಾನೇ. ಇನ್ಯಾರ್ನ ಕಳಿಸ್ಬೇಕಿತ್ತು? ನಾನು ಹೋಗಿ ಔಟಾಗಿದ್ರೆ ಮ್ಯಾಚೇ…"

ಅಲ್ಲಿಗೆ ನಿಲ್ಲಿಸಿದ. ಅಪ್ಪ ಒಳಗಿನಿಂದ ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದರು.

ತಮ್ಮನ ಕೈಗೆ ಗ್ರೀಸ್ ಮೆತ್ತಿತ್ತು. ಒರೆಸಿಕೊಳ್ಳಲು ಸ್ಟೂಲಿನ ಮೇಲಿದ್ದ ಪೇಪರಿನತ್ತ ಕೈ ಚಾಚಿದವನು ಅದನ್ನು ಬಿಟ್ಟು, ಮೂಲೆಯಲ್ಲಿದ್ದ ಹಳೆಯ ಕಟ್ಟಿನಿಂದ ಒಂದು ಹಾಳೆ ಎಳೆದುಕೊಂಡ. ಬೆರಳು ಬೆರಳಿನ ಸಂದಿಯನ್ನೂ ನಿಧಾನವಾಗಿ ಒರೆಸಿದ.

"ಆ ಆಟೊದವ್ನ ಮಾವನ ಮನೇಗೆ ನಿಮ್ ಪೇಪರ್ ಬರ್ತದೇನಕ್ಕ?"

"ಗೊತ್ತಿಲ್ಲ ಕಣೋ," ಅಂದೆ.